ಎರಡು ಗಂಟೆಯ ನೆರಳು

ನಮ್ಮೂರ ಗುಡ್ಡದ ಕಾಲೇಜಿನಿಂದ ಕಡಲಾಚೆಗೆ ಓದಲು ಹೋಗಿ ಬಂದವರ ನೆರಳು, ಮರಳಿದ ಮೇಲೂ ಆಚೆಯ ಸೂರ್ಯನಿಗೇ ಬೀಳುತ್ತದೆ. ಮೈ ಇಲ್ಲಿಯದು, ಬಿಸಿಲು ಅಲ್ಲಿಯದು. ಊರಿಗೆ ಇದು ಹೊಸದೇನಲ್ಲ. ನಮ್ಮಜ್ಜ ಚಿಕ್ಕವನಾಗಿದ್ದಾಗಲೂ ಹೀಗೇ ಇತ್ತಂತೆ. ಅವನ ಅಜ್ಜನ ಕಾಲಕ್ಕೆ ಕಾಲೇಜೇ ಇರಲಿಲ್ಲವಾದ್ದರಿಂದ ಅದಕ್ಕೂ ಹಿಂದಿನ ಮಾತು ಯಾರಿಗೂ ಗೊತ್ತಿಲ್ಲ. ವರ್ಷಕ್ಕೆ ಏಳು ಜನ ಇಲ್ಲಿಂದ ಏಳು ಊರಿಗೆ ಹೋಗುತ್ತಾರೆ, ಆ ಏಳು ಊರುಗಳಿಂದ ಏಳು ಜನ ಇಲ್ಲಿಗೆ ಬರುತ್ತಾರೆ. ಹೋದವರು ವರ್ಷ ತುಂಬಿಸಿಕೊಂಡು ಬಸ್ಸಿನಿಂದ ಇಳಿದಾಗ ಮನೆಯವರು ಮೊದಲು ಮುಖ ನೋಡುತ್ತಾರೆ, ಆಮೇಲೆ ನೆಲ ನೋಡುತ್ತಾರೆ.

ಕಾಲೇಜಿನ ಗ್ರಂಥಾಲಯದ ಮುಂದೆ ವಿಶಾಲವಾದ ಒಂದು ಕಲ್ಲುಹಾಸಿನ ಅಂಗಳವಿದೆ. ಮಕ್ಕಳನ್ನು ಹೊರಗೆ ಕಳಿಸಿರುವ ತಾಯಂದಿರು ಸೊಪ್ಪು ತರಕಾರಿ ಕೊಂಡು ಹಿಂದಿರುಗುವಾಗ ಗುಡ್ಡ ಹತ್ತಿ, ಹಿಂದಿನ ವರ್ಷ ಅದೇ ಊರಿನಿಂದ ಮರಳಿದವರ ನೆರಳು ನೋಡಿಕೊಂಡು ಹೋಗುತ್ತಾರೆ. ನೆರಳು ಉದ್ದವಾಗಿ ಗೇಟಿನ ಕಡೆ ಚಾಚಿದ್ದರೆ ಮಗಳು ಈಗಷ್ಟೇ ಎದ್ದು ಮುಖ ತೊಳೆಯುತ್ತಿದ್ದಾಳೆ. ಮೆಟ್ಟಿಲ ಕಡೆ ತಿರುಗಿದ್ದರೆ ಪಾಠ ಮುಗಿದಿದೆ. ನೆರಳೇ ಇಲ್ಲದಿದ್ದರೆ ಮಲಗಿದ್ದಾಳೆ, ಫೋನು ಮಾಡಬಾರದು. ಚೀಲವನ್ನು ಕಂಕುಳಿಗೆ ಏರಿಸಿಕೊಂಡು, ಕಲ್ಲುಹಾಸಿನ ಮೇಲಿನ ಆ ಕಪ್ಪಿಗೆ ಬಗ್ಗಿ, ದೇವರ ಪಾದ ಮುಟ್ಟುವ ಹಾಗೆ ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುವವರೂ ಇದ್ದಾರೆ. ಯಾರೂ ನಗುವುದಿಲ್ಲ.

ನಾನು ಮರಳಿದ್ದು ದೀಪಾವಳಿ ಕಳೆದ ವಾರ. ನನ್ನ ಹೆಸರು ಶ್ರುತಕೀರ್ತಿ. ನಮ್ಮೂರಿಗೆ ಕಡಲಿಲ್ಲ, ಇರುವುದು ಮೂರು ಕೆರೆ. ಆದರೂ ಭರತ ಇಳಿತಗಳ ವಿಷಯ ಓದಿಕೊಂಡು ಬಾ ಎಂದು ನನ್ನನ್ನು ದೂರದ ಬಡಗಣ ಬಂದರೊಂದಕ್ಕೆ ಕಳಿಸಿದ್ದರು. ಅಲ್ಲಿಯ ಚಳಿಗಾಲದ ಸೂರ್ಯ ತಡವಾಗಿ ಹುಟ್ಟುತ್ತಾನೆ, ಮನೆಯ ಮಾಡಿನೆತ್ತರಕ್ಕೆ ಏರುತ್ತಾನೆ, ಅಷ್ಟಕ್ಕೇ ದಣಿದವನಂತೆ ಇಳಿದುಬಿಡುತ್ತಾನೆ. ಹಾಗಾಗಿ ಇಲ್ಲಿ ಬೆಳಗಿನಿಂದ ಊಟದ ಹೊತ್ತಿನವರೆಗೂ ನನಗೆ ನೆರಳೇ ಇರಲಿಲ್ಲ. ಸರಿಯಾಗಿ ಎರಡು ಗಂಟೆಗೆ, ಮಿಕ್ಕವರ ನೆರಳು ಅವರವರ ಕಾಲಬುಡದಲ್ಲಿ ಮುದುಡಿಕೊಂಡಿರುವಾಗ, ನನ್ನ ಪಾದದಿಂದ ನೀಲಿ ಬೆರೆತ ಒಂದು ನೆರಳು ಹೊರಟು ಇಪ್ಪತ್ತು ಮಾರು ದೂರ ಹರಿದು ಗೇಟಿನ ಹತ್ತಿರದ ಹೊಂಗೆಮರವನ್ನು ಮುಟ್ಟುತ್ತಿತ್ತು. ಅದರೊಳಗೆ ಕೈಯಿಟ್ಟರೆ ತಣ್ಣಗೆ. ನಮ್ಮ ಸೂರ್ಯ ಮುಳುಗಿ ಬೀದಿದೀಪ ಹತ್ತಿದ ಮೇಲೂ ಒಂದು ಗಳಿಗೆ ಅದು ನೆಲದ ಮೇಲೆ ಇದ್ದೇ ಇರುತ್ತಿತ್ತು.

ಮೊದಲ ದಿನ ಅದನ್ನು ನೋಡಿದವಳು ಕ್ಯಾಂಟೀನಿನ ಚಿಕ್ಕತಾಯಕ್ಕ. ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. "ಬಂದ್ಯಾ ಕೀರ್ತಪ್ಪ? ಎಲ್ಲಿ, ಅಂಗೇ ನಿಂತ್ಕೋ, ಅಲ್ಲಾಡ್‌ಬ್ಯಾಡ" ಎಂದವಳೇ ಒಳಗೆ ಹೋಗಿ ಮಜ್ಜಿಗೆಯ ದೊಡ್ಡ ಕೊಡ ತಂದು ನನ್ನ ನೆರಳಿನ ಎದೆಯ ಭಾಗದಲ್ಲಿ ಇಟ್ಟಳು. "ಫ್ರಿಜ್ಜು ಕೆಟ್ಟು ಎಂಟು ದಿನ ಆಯ್ತು ಕಣಪ್ಪ. ಹೋದ ಸಲ ಬಂದೋರಲ್ಲಿ ಈಗ ನೆರಳು ನಿಂತಿರೋದು ಬರೀ ಬಿಸಿಲ ಸೀಮೆಯೋರದ್ದೇ. ನಾಳಿಂದ ಎರಡು ಗಂಟೆಗೆ ಸರಿಯಾಗಿ ಬಂದ್ಬಿಡು. ನಿಂಗೊಂದು ಲೋಟ ಪುಕ್ಕಟೆ."

ಹೀಗೆ ಬಿದ್ದ ನೆರಳು ಶಾಶ್ವತವಲ್ಲ. ಕೆಲವರದು ವರ್ಷಗಟ್ಟಲೆ ನಿಲ್ಲುತ್ತದೆ, ಕೆಲವರದು ತಿಂಗಳಿಗೇ ದಿನಕ್ಕೊಂದು ಗೇಣು ಮೊಟಕಾಗುತ್ತ, ಸ್ವಲ್ಪ ಸ್ವಲ್ಪವೇ ತಿರುಗುತ್ತ ನಮ್ಮ ಸೂರ್ಯನ ಲೆಕ್ಕಕ್ಕೆ ಬಂದುಬಿಡುತ್ತದೆ. 'ತಿರುಗಿತು' ಎನ್ನುತ್ತಾರೆ. ತಿರುಗಿದರೆ ಶಿಕ್ಷೆಯೇನೂ ಇಲ್ಲ. ಆ ಊರು ಆಮೇಲೆ ಬರೀ ಒಂದು ಹೆಸರಾಗಿ ಉಳಿಯುತ್ತದೆ, ಅಷ್ಟೆ. ವಿದೇಶ ವಿಭಾಗದ ಮುಖ್ಯಸ್ಥೆ ಫಿಲೋಮಿನಾ ಮೇಡಂಗೆ ಆ 'ಅಷ್ಟೆ'ಯನ್ನು ಕಂಡರೆ ಆಗದು. ತಿಂಗಳ ಮೊದಲ ಸೋಮವಾರ ಅವರು ದರ್ಜಿಯ ಟೇಪು, ಸೀಮೆಸುಣ್ಣ ಹಿಡಿದು ಅಂಗಳಕ್ಕೆ ಬಂದು ಮರಳಿದವರೆಲ್ಲರ ನೆರಳನ್ನು ಅಳೆಯುತ್ತಿದ್ದರು. "ನೋಡಿದ್ದನ್ನ ಹೇಳ್ಬೇಕು. ಬಾಯಿ ಬಿಟ್ಟು ಹೇಳ್ದೆ ಇದ್ರೆ ನೆರಳು ಯಾತಕ್ಕೆ ನಿಲ್ಲುತ್ತೆ?" ಇದು ಅವರ ನಂಬಿಕೆ, ಕ್ರಮೇಣ ಇಡೀ ಕಾಲೇಜಿನ ನಂಬಿಕೆ. ಅದಕ್ಕೇ ಮರಳಿದವರಿಗೆ ಒಬ್ಬೊಬ್ಬರಿಗೊಂದು ಕೆಲಸ: ಒಬ್ಬ ಚಿತ್ರ ತೋರಿಸಬೇಕು, ಇನ್ನೊಬ್ಬಳು ಆ ಊರಿನ ಅಡುಗೆ ಮಾಡಿ ಬಡಿಸಬೇಕು, ಮುಂದೆ ಹೊರಡುವವರಿಗೆ ಮತ್ತೊಬ್ಬ ಬುದ್ಧಿ ಹೇಳಬೇಕು.

ನನ್ನ ಜೊತೆ ಮರಳಿದ ರಹಮತ್‌ಗೆ ಇದೆಲ್ಲ ನೀರು ಕುಡಿದಷ್ಟು ಸುಲಭ. ಮೂಡಣ ದ್ವೀಪವೊಂದರ ನಗರದಿಂದ ಬಂದವನು. ಮೂರು ವಾರದಲ್ಲಿ ಹದಿನಾಲ್ಕು ಭಾಷಣ ಮಾಡಿದ್ದ. "ನಿಂದೇನೋ ಗೋಳು? ಮೈಕು ಹಿಡ್ಕೊಂಡ್ರೆ ಮಾತು ತಾನೇ ಬರುತ್ತೆ ಮಾರಾಯ" ಎನ್ನುತ್ತಿದ್ದ. ನನಗೆ ಬರುತ್ತಿರಲಿಲ್ಲ. ನಾನು ಬೆಳೆದದ್ದೇ ಬೇರೆ ಬಗೆಯಲ್ಲಿ.

ನಮ್ಮಜ್ಜ ಧರಣಪ್ಪ ಸಂಜೆ ದೀಪ ಹಚ್ಚಿದ ಮೇಲೆ ಬಸದಿಯ ಪಡಸಾಲೆಯಲ್ಲಿ ಕಾವ್ಯ ಓದುತ್ತಾನೆ. ಓದುವುದೆಂದರೆ ರಾಗದಲ್ಲಿ, ಒಂದೊಂದು ಪದ್ಯವನ್ನೂ ಎತ್ತಿ ನಿಲ್ಲಿಸಿ, ಕೇಳುವವರ ಮಡಿಲಿಗೆ ಇಳಿಸುವ ಹಾಗೆ. ಪದ್ಯ ಮುಗಿದ ಕೂಡಲೇ ಯಾರಾದರೊಬ್ಬರು 'ಹೂಂ' ಎನ್ನಬೇಕು. ಹೂಂಗುಟ್ಟುವವರಿಲ್ಲದೆ ಮುಂದಿನ ಪದ್ಯಕ್ಕೆ ಹೋಗುವ ಹಾಗಿಲ್ಲ. ಅದು ನಮ್ಮ ಬಸದಿಯ ಪದ್ಧತಿ. ನಾಲ್ಕನೆಯ ವಯಸ್ಸಿನಿಂದ ಆ ಹೂಂ ನನ್ನದು. ಅರಸ ಕಿರೀಟ ಇಳಿಸಿಟ್ಟು ಕಾಡಿಗೆ ನಡೆಯುವ ಪದ್ಯಕ್ಕೆ ಒಂದು ಹೂಂ, ಮಗುವಿಗೆ ಹೆಸರಿಡುವ ಪದ್ಯಕ್ಕೆ ಇನ್ನೊಂದು ಹೂಂ. ಬೇಗ ಅಂದರೆ ಪದ್ಯ ಹರಿದುಹೋಗುತ್ತದೆ, ತಡವಾದರೆ ಆರಿಹೋಗುತ್ತದೆ. ಇಷ್ಟನ್ನು ಬಿಟ್ಟು ನಾನು ಇನ್ನೇನನ್ನೂ ಸರಿಯಾಗಿ ಕಲಿತವನಲ್ಲ.

ಕಡಲಾಚೆಯಲ್ಲೂ ಈ ಚಾಳಿ ಬಿಟ್ಟಿರಲಿಲ್ಲ. ಆ ಬಂದರಿನಲ್ಲಿ ಮಂಜು ಕವಿದ ದಿನ ಎದುರು ಮನೆಯೂ ಕಾಣದು. ಅಂಥ ದಿನಗಳಲ್ಲಿ ದೂರದ ಹಡಗುಕಟ್ಟೆಯ ಕಡೆಯಿಂದ ಹೆಂಗಸರ ದನಿ ರಾಗವಾಗಿ ಬರುತ್ತಿತ್ತು. ಒಂದು ಸಾಲು, ಒಂದಷ್ಟು ಬಿಡುವು, ಮತ್ತೊಂದು ಸಾಲು. ಏನೋ ಪ್ರಾರ್ಥನೆಯಿರಬೇಕು ಎಂದುಕೊಂಡಿದ್ದೆ. ಯಾರನ್ನೂ ಕೇಳಲಿಲ್ಲ. ಕಿಟಕಿ ತೆರೆದು ಕೂತು, ಬಿಡುವು ಬಂದಲ್ಲೆಲ್ಲ ನನಗೆ ಗೊತ್ತಿಲ್ಲದೆಯೇ ಹೂಂ ಅನ್ನುತ್ತಿದ್ದೆ. ಮನೆಯ ನೆನಪಾದಾಗ ಸ್ವಲ್ಪ ಜೋರಾಗಿಯೇ ಅನ್ನುತ್ತಿದ್ದೆ.

ನಾನು ಮರಳಿದ ಮರುವಾರ ಆ ಬಂದರಿನಿಂದ ಒಬ್ಬಳು ಹುಡುಗಿ ನಮ್ಮ ಕಾಲೇಜಿಗೆ ಬಂದಳು. ಹೆಸರು ತೂಲಿ. ನಮ್ಮ ಕೆರೆ, ತೂಬು, ಕೋಡಿಗಳನ್ನು ಅಭ್ಯಾಸ ಮಾಡಲು ಬಂದವಳು. ಪುಸ್ತಕದಿಂದ ನಮ್ಮ ಭಾಷೆ ಕಲಿತಿದ್ದಳು. ಕ್ಯಾಂಟೀನಿಗೆ ಹೋಗಿ ಕೈಮುಗಿದು, "ಅಮ್ಮನವರೇ, ತಾವು ನನಗೆ ಒಂದು ದೋಸೆಯನ್ನು ದಯಪಾಲಿಸುವಿರಾ?" ಎಂದು ಕೇಳಿದಳಂತೆ. ಚಿಕ್ಕತಾಯಕ್ಕ ಅವತ್ತೆಲ್ಲ ಕಂಡವರಿಗೆಲ್ಲ, "ಐವತ್ತು ವರ್ಷದಲ್ಲಿ ನನ್ನ ದ್ವಾಸೆಗೆ ಯಾವಳಾದ್ರೂ ಇಂಥ ಮರ್ವಾದೆ ಕೊಟ್ಟಿದ್ಲಾ?" ಎಂದು ಹೇಳಿಕೊಂಡು ತಿರುಗಿದಳು.

ಎಲ್ಲರೂ ತೂಲಿಯನ್ನು ಹಚ್ಚಿಕೊಂಡರು. ಹೋದಲ್ಲೆಲ್ಲ ಅವಳನ್ನು ಕೂರಿಸಿಕೊಂಡು ನಮ್ಮೂರ ವಿಷಯ ಹೇಳಿದ್ದೇ ಹೇಳಿದ್ದು. ಹಬ್ಬ, ಕೆರೆ, ಕುಲ, ಒಗ್ಗರಣೆ, ಒಂದನ್ನೂ ಬಿಡಲಿಲ್ಲ. ಅವಳು ನಗುತ್ತ ಬರೆದುಕೊಳ್ಳುತ್ತಿದ್ದಳು. ಆದರೆ ದಿನದಿಂದ ದಿನಕ್ಕೆ ಅವಳ ಕಣ್ಣ ಸುತ್ತ ಕಪ್ಪು ಕಟ್ಟತೊಡಗಿತು. ಹಾಸ್ಟೆಲಿನ ಮೇಟ್ರನ್ನು ಬಂದು ಹೇಳಿದರು: ಹುಡುಗಿಗೆ ನಿದ್ದೆಯಿಲ್ಲ. ಬಂದ ದಿನದಿಂದ ಒಂದು ಗಂಟೆಯೂ ಕಣ್ಣು ಮುಚ್ಚಿಲ್ಲ. ಡಾಕ್ಟರು ಮಾತ್ರೆ ಕೊಟ್ಟರು, ಚಿಕ್ಕತಾಯಕ್ಕ ಗಸಗಸೆ ಪಾಯಸ ಕೊಟ್ಟಳು, ಎರಡೂ ನಡೆಯಲಿಲ್ಲ. ಬಂದು ಹನ್ನೊಂದನೆಯ ದಿನ ಅವಳು ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು.

ಅವತ್ತು ಎರಡು ಗಂಟೆಗೆ ನಾನು ಮಜ್ಜಿಗೆಯ ಕೊಡಕ್ಕಾಗಿ ಅಂಗಳದಲ್ಲಿ ನಿಂತಿದ್ದೆ. ನೆರಳು ಹೊರಟಿತು. ಗೇಟಿನ ಕಡೆಯಿಂದ ಬರುತ್ತಿದ್ದ ತೂಲಿ ಹೊಂಗೆಮರದ ಹತ್ತಿರ ಅದರ ತುದಿಯನ್ನು ತುಳಿದಳು. ತುಳಿದು ನಿಂತಳು. ಬಗ್ಗಿ ನೋಡಿದಳು. ನೆರಳಿನೊಳಗೇ ನಾಲ್ಕು ಹೆಜ್ಜೆ ನಡೆದು ಬಂದವಳು, ಮನೆಯ ಹೊಸಿಲು ದಾಟಿದವಳ ಹಾಗೆ ಚಪ್ಪಲಿ ಬಿಟ್ಟಳು. ಪುಸ್ತಕಗಳನ್ನು ಪಕ್ಕಕ್ಕಿಟ್ಟು ನನ್ನ ನೆರಳಿನ ಭುಜದ ಮೇಲೆ ತಲೆಯಿಟ್ಟು ಮಲಗಿದಳು. ನಾನು ಉಸಿರು ಬಿಡುವಷ್ಟರಲ್ಲಿ ನಿದ್ದೆ ಹೋಗಿದ್ದಳು.

ಅಂಥದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಸುತ್ತ ನಮ್ಮ ಮಧ್ಯಾಹ್ನ ಕಲ್ಲು ಸಿಡಿಯುವ ಹಾಗೆ ಕಾಯುತ್ತಿತ್ತು. ನಡುವೆ ಒಂದು ಪಟ್ಟಿಯಷ್ಟು ಅಗಲದಲ್ಲಿ ಬಡಗಣ ದೇಶದ ಬೆಳಗಿತ್ತು, ಅದರೊಳಗೆ ಒಂದು ಜೀವ ಮಗುವಿನಂತೆ ಮುದುಡಿ ಮಲಗಿತ್ತು. ನಾನು ಕಾಲು ಕದಲಿಸಲಿಲ್ಲ. ಚಿಕ್ಕತಾಯಕ್ಕ ಕೊಡ ಹೊತ್ತು ಬಂದವಳು ನೋಡಿದಳು, ಸದ್ದಿಲ್ಲದೆ ಹಿಂದೆ ಹೋದಳು, ಬರಿಗೈಯಲ್ಲಿ ಬಂದು ದಾರಿಗಡ್ಡ ನಿಂತಳು. "ಆ ಕಡೆಯಿಂದ ಹೋಗ್ರಪ್ಪ, ಆ ಕಡೆಯಿಂದ. ಯಾಕ್ ಹಂಗೆ ಟಪಟಪ ಅಂತೀರಾ, ಕಾಲಿಗೆ ಲಾಳ ಹೊಡ್ಸಿದ್ದೀರಾ?" ತರಗತಿ ಬಿಟ್ಟು ಬಂದವರೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು ಸುತ್ತಿಕೊಂಡು ಹೋದರು. ಫೋನಿನ ಹೊತ್ತು ನೋಡಲು ಬಂದ ತಾಯಂದಿರು ಮೆಟ್ಟಿಲ ಮೇಲೆ ಕೂತು ಸೊಪ್ಪು ಸೋಸಿದರು. ಐದೂವರೆಗೆ ತೂಲಿ ಎದ್ದಾಗ ನನ್ನ ಕಾಲು ಜೋಮು ಹಿಡಿದು ಇಬ್ಬರು ಎತ್ತಿ ಕೂರಿಸಬೇಕಾಯಿತು.

ಅವತ್ತಿನಿಂದ ಅದೊಂದು ಕ್ರಮವಾಯಿತು. ದಿನಾ ಎರಡು ಗಂಟೆಗೆ ನಾನು ಬಂದು ನಿಲ್ಲುವುದು, ಅವಳು ಬಂದು ಮಲಗುವುದು. ರಹಮತ್ ನನಗೊಂದು ಸ್ಟೂಲು ತಂದುಕೊಟ್ಟ. "ಕೂತ್ಕೊಳ್ಳೋ, ನೆರಳು ಸ್ವಲ್ಪ ಗಿಡ್ಡ ಆಗುತ್ತೆ, ಆದ್ರೂ ಕಾಲು ಚಾಚೋಕೆ ಸಾಕು." ತೂಲಿಯ ಕಣ್ಣಿನ ಕಪ್ಪು ಇಳಿಯಿತು. ದೊಡ್ಡಕೆರೆಯ ತೂಬಿನ ನಕ್ಷೆ ಬರೆಯತೊಡಗಿದಳು. ಎದ್ದ ಕೂಡಲೇ ಕೈಮುಗಿದು "ತಮಗೆ ವಂದನೆಗಳು" ಎಂದು ಹೊರಟುಬಿಡುತ್ತಿದ್ದಳು. ನಾನೂ ಏನೂ ಕೇಳುತ್ತಿರಲಿಲ್ಲ.

ತಿಂಗಳ ಸೋಮವಾರ ಬಂತು. ರಹಮತ್‌ನ ನೆರಳು ತಿರುಗಿತ್ತು. ಪೂರ್ತಿ ನಮ್ಮದೇ ಬಿಸಿಲಿಗೆ ಬಂದು ಅವನ ಕಾಲಬುಡದಲ್ಲಿ ಕೂತಿತ್ತು. ಅವನು ನಗಲು ನೋಡಿದ, ಆಗಲಿಲ್ಲ. ಫಿಲೋಮಿನಾ ಮೇಡಂ ಟೇಪು ಸುತ್ತುತ್ತ ನನ್ನ ಕಡೆ ತಿರುಗಿದರು. "ಅಷ್ಟೊಂದು ಹೇಳಿದವಂದೇ ಹೀಗಾಯ್ತು. ನೀನು ಒಂದು ಮಾತೂ ಆಡಿಲ್ಲ ಶ್ರುತಕೀರ್ತಿ. ನಿಂತ್ಕೊಂಡಿದ್ರೆ ಸಾಲದಪ್ಪ. ನಿಂದೂ ತಿರುಗಿದ್ರೆ ಆ ಹುಡುಗಿ ಎಲ್ಲಿ ಮಲಗ್ಬೇಕು?"

ಆ ಮಾತು ಎದೆಗೆ ತಾಗಿತು. ಆ ಬಂದರಿನಿಂದ ಮರಳಿದವರಲ್ಲಿ ನೆರಳು ಉಳಿದಿದ್ದವನು ನಾನೊಬ್ಬನೇ. ಭಯದಿಂದಲೇ ಮೈಕು ಹಿಡಿದೆ. ಮೊದಲು ತಡವರಿಸಿದೆ, ಆಮೇಲೆ ನಾಲಗೆ ಪಳಗಿತು. ಬಂದರಿನ ಜನ ಹೀಗೆ, ಅವರ ಊಟ ಹೀಗೆ, ಅವರ ಮನಸ್ಸು ಹೀಗೆ ಎಂದು ಹೇಳಿದೆ. ಗೊತ್ತಿದ್ದದ್ದನ್ನೂ ಹೇಳಿದೆ, ಗೊತ್ತಿಲ್ಲದ್ದನ್ನೂ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಮೇಡಂ ಖುಷಿಯಾಗಿ ನನ್ನನ್ನು ಮರಳಿದವರ ಸಂಘದ ಕಾರ್ಯದರ್ಶಿ ಮಾಡಿದರು. ಸಭೆ, ಭಿತ್ತಿಪತ್ರ, ಮುಂದಿನ ಸಾಲಿನವರ ತಯಾರಿ. ಎರಡು ಗಂಟೆಗೆ ಬಂದು ಸ್ಟೂಲಿನ ಮೇಲೆ ಕೂತು, ತೂಲಿ ಮಲಗಿರುವಾಗಲೇ ನಾಳೆಯ ಭಾಷಣ ಬರೆಯುತ್ತಿದ್ದೆ.

ಎಂಟನೆಯ ದಿನ ನೆರಳು ಹೊಂಗೆಮರ ಮುಟ್ಟಲಿಲ್ಲ. ಹತ್ತನೆಯ ದಿನ ಅರ್ಧ ಅಂಗಳಕ್ಕೆ ನಿಂತಿತು. ನಾನು ಇನ್ನೂ ಎರಡು ಭಾಷಣ ಹೆಚ್ಚಿಸಿದೆ. ಹದಿನೈದನೆಯ ದಿನ ತೂಲಿಯ ಮುಖದ ಮೇಲಿಂದ ನೆರಳು ಮೆಲ್ಲಗೆ ಸರಿದು ನಮ್ಮ ಬಿಸಿಲು ಅವಳ ರೆಪ್ಪೆಯ ಮೇಲೆ ಬಿತ್ತು. ಅವಳು ಬೆಚ್ಚಿ ಎದ್ದಳು. ನೆಲ ನೋಡಿದಳು, ನನ್ನನ್ನು ನೋಡಿದಳು, ಪುಸ್ತಕ ಎತ್ತಿಕೊಂಡು ಹೋದಳು. ಆ ವಾರದ ಕೊನೆಗೆ ನಾಲ್ಕು ದಿನದ ನಿದ್ದೆ ಬಾಕಿಯಿಟ್ಟುಕೊಂಡು ವಿಭಾಗಕ್ಕೆ ಹೋಗಿ, ತಾನು ಊರಿಗೆ ಮರಳುವುದಾಗಿ ಬರೆದುಕೊಟ್ಟಳು. ನಕ್ಷೆ ಅರ್ಧಕ್ಕೆ ನಿಂತಿತ್ತು. ಸೋಮವಾರ ಬೆಳಿಗ್ಗೆಯ ಬಸ್ಸು.

ಶನಿವಾರ ಸಂಜೆ ಬಸದಿಗೆ ಹೋದೆ. ಕಾರ್ಯದರ್ಶಿಯಾದ ಮೇಲೆ ಅಲ್ಲಿಗೆ ಹೋಗುವುದೂ ತಪ್ಪಿತ್ತು. ಅಜ್ಜ ದೀಪದ ಮುಂದೆ ಗ್ರಂಥ ತೆರೆದು ಓದುತ್ತಿದ್ದ. ನಾನು ಕಂಬಕ್ಕೊರಗಿ ಕೂತೆ. ಕಣ್ಣು ಅವನ ಮೇಲಿತ್ತು, ತಲೆಯೊಳಗೆ ಸೋಮವಾರದ ಬಸ್ಸು ಓಡುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ಪಡಸಾಲೆಯಲ್ಲಿ ಸದ್ದೇ ಇಲ್ಲವೆಂಬುದು ಗಮನಕ್ಕೆ ಬಂತು. ಅಜ್ಜ ಪದ್ಯ ಮುಗಿಸಿ, ಬೆರಳನ್ನು ಸಾಲಿನ ಮೇಲಿಟ್ಟು, ನನ್ನನ್ನೇ ನೋಡುತ್ತ ಕಾಯುತ್ತಿದ್ದ. ಕೂತಿದ್ದ ನಾಲ್ಕು ಜನವೂ ಕಾಯುತ್ತಿದ್ದರು.

"ಹೂಂ" ಎಂದೆ ಗಡಿಬಿಡಿಯಲ್ಲಿ.

"ಅದು ಹೂಂ ಅಲ್ಲ ಮಗಾ, ಬಾಗಿಲು ಹಾಕಿದ ಸದ್ದು" ಎಂದ ಅಜ್ಜ. ಬೈಗುಳವಿರಲಿಲ್ಲ ಅದರಲ್ಲಿ. ಗ್ರಂಥ ಮಡಿಸಿ ಪಕ್ಕಕ್ಕೆ ಕರೆದ. "ಏನಾಗಿದೆ?"

ಎಲ್ಲ ಹೇಳಿದೆ. ಅವನು ಕೇಳುತ್ತ ಹೋದ, ಅಲ್ಲಲ್ಲಿ ಹೂಂ ಅನ್ನುತ್ತ ಹೋದ. ನಾನು ಮುಗಿಸಿದ ಮೇಲೆ ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿಕೊಂಡ. "ಊರೆಲ್ಲ ಆ ಮಗೂಗೆ ಹೇಳಿದ್ದಾರೆ ಅಂದೆ. ನೀನು ಊರಿಗೆಲ್ಲ ಹೇಳ್ತಿದ್ದೀಯ ಅಂದೆ. ಸರಿ. ಅವಳು ಯಾರಿಗೆ ಹೇಳಿದ್ದಾಳೆ?"

ಅವಳು ನನ್ನ ನೆರಳಿನಲ್ಲಿ ಮೂವತ್ತು ದಿನಕ್ಕೂ ಮೇಲೆ ಮಲಗಿದ್ದಳು. ಅವಳ ಮನೆಯಲ್ಲಿ ಎಷ್ಟು ಜನ ಎಂಬುದು ಕೂಡ ನನಗೆ ಗೊತ್ತಿರಲಿಲ್ಲ.

ಭಾನುವಾರ ಎರಡು ಗಂಟೆಗೆ ಅಂಗಳಕ್ಕೆ ಹೋದೆ. ಸಂಘದ ಸಭೆಯಿತ್ತು, ಹೋಗಲಿಲ್ಲ. ನೆರಳು ಹೊರಟಿತು, ಮೊಳದುದ್ದ ಬಂದು ನಿಂತಿತು. ತೂಲಿ ಗ್ರಂಥಾಲಯಕ್ಕೆ ಪುಸ್ತಕ ಹಿಂದಿರುಗಿಸಲು ಬಂದಿದ್ದಳು. ಕಣ್ಣು ಕೆಂಪಾಗಿತ್ತು. ನಾನು ಕಲ್ಲುಹಾಸಿನ ಮೇಲೇ ಚಕ್ಕಳಮಕ್ಕಳ ಹಾಕಿ ಕೂತು ಎದುರು ಜಾಗ ತೋರಿಸಿದೆ. "ಕೂತ್ಕೋ ತೂಲಿ."

"ಇದರಲ್ಲಿ ಮಲಗಲು ಆಗದು" ಎಂದಳು ಆ ಮೊಳದ ನೆರಳನ್ನು ನೋಡಿ.

"ಮಲಗೋದು ಬೇಡ. ಹೇಳು."

"ಏನು ಹೇಳಬೇಕು?"

"ನಿಮ್ಮೂರಿನದು. ಯಾವುದಾದ್ರೂ."

"ಊರಿನ ವಿಷಯ ನೀವೇ ಭಾಷಣದಲ್ಲಿ ಹೇಳಿರುವಿರಿ" ಎಂದಳು. ಕುಟುಕಿದಳೋ ಮರ್ಯಾದೆಗೆಂದಳೋ, ಪುಸ್ತಕದ ಭಾಷೆಯಲ್ಲಿ ಗೊತ್ತಾಗುವುದಿಲ್ಲ. ನನ್ನ ಮುಖ ಬಿಸಿಯಾಯಿತು. ಆದರೂ ಎದ್ದು ಹೋಗಲಿಲ್ಲ. ಅವಳು ಕೈಯಲ್ಲಿದ್ದ ಪುಸ್ತಕ ಪಕ್ಕಕ್ಕಿಟ್ಟು ಬಂದು ಕೂತಳು. ಆಮೇಲೆ ತನ್ನ ಭಾಷೆಯಲ್ಲಿ ಮೆಲ್ಲಗೆ ಶುರುಮಾಡಿದಳು. ಅರ್ಧಕ್ಕರ್ಧ ನನಗೆ ತಿಳಿಯುತ್ತಿತ್ತು.

ಅವರ ಬಂದರಿನ ಬಾಯಲ್ಲಿ ನೂರಾ ಹದಿನಾಲ್ಕು ಬಂಡೆಗಳಿವೆಯಂತೆ. ಪ್ರತಿ ಬಂಡೆಗೂ ಒಂದು ಹೆಸರು. ಮಂಜು ಕವಿದಾಗ ದೋಣಿಗೆ ಹೋದವರಿಗೆ ದಡ ಕಾಣದು. ಆಗ ಮನೆಯ ಹೆಂಗಸರು ಹಡಗುಕಟ್ಟೆಯ ಮೇಲೆ ನಿಂತು ಬಂಡೆಗಳ ಹೆಸರನ್ನು ಒಂದೊಂದಾಗಿ ಪದ್ಯ ಕಟ್ಟಿ ಹೇಳುತ್ತಾರೆ. ಪ್ರತಿ ಸಾಲಿನ ಕೊನೆಗೂ ನಿಲ್ಲಿಸಿ ಕಾಯುತ್ತಾರೆ. ಮಂಜಿನೊಳಗಿಂದ ದೋಣಿಯವನೊಬ್ಬ ಓಗೊಟ್ಟರೆ ಮಾತ್ರ ಮುಂದಿನ ಬಂಡೆ. ಓಗೊಡದಿದ್ದರೆ ಅದೇ ಸಾಲನ್ನು ಮತ್ತೆ ಹೇಳಬೇಕು, ಇರುಳಾದರೂ ಸರಿ. ಅವಳ ಅಜ್ಜಿ ಆ ಪದ್ಯ ಹೇಳುವವರಲ್ಲಿ ಹಿರಿಯಳು. ತೂಲಿ ಏಳು ವರ್ಷದವಳಾಗಿದ್ದಾಗಿನಿಂದ ಅಜ್ಜಿಯ ಪಕ್ಕ ನಿಂತು ಹೇಳಿದವಳು.

"ಹಾಸಿಗೆಯಲ್ಲಿ ಮಲಗಿದರೆ ಮೊದಲನೆಯ ಬಂಡೆ ಬಾಯಿಗೆ ಬರುತ್ತದೆ. ಹೇಳುತ್ತೇನೆ. ಯಾರೂ ಓಗೊಡುವುದಿಲ್ಲ. ಮತ್ತೆ ಅದೇ ಬಂಡೆ. ಬೆಳಗಿನ ತನಕ ಅದೊಂದೇ ಬಂಡೆ" ಎಂದಳು.

ಕಿಟಕಿ, ಮಂಜು, ದೂರದ ದನಿ ಎಲ್ಲ ಒಟ್ಟಿಗೆ ಬಂದು ಎದುರು ನಿಂತವು. ಆದರೆ ಅದನ್ನು ಹೇಳುವ ಹೊತ್ತು ಅದಲ್ಲ. "ಮೊದಲನೆಯ ಬಂಡೆ ಹೇಳು" ಎಂದೆ.

ಅವಳು ಕಣ್ಣು ಮುಚ್ಚಿ ಹೇಳಿದಳು. ಅದೇ ರಾಗ. ಸಾಲು ಏರಿ, ಇಳಿದು, ತುದಿಯಲ್ಲಿ ತೂಗುತ್ತ ನಿಂತಿತು. ಹರಿಯುವುದಕ್ಕೂ ಆರುವುದಕ್ಕೂ ನಡುವಿನ ಆ ಜಾಗ ನನಗೆ ಗೊತ್ತು. ನಾಲ್ಕನೆಯ ವಯಸ್ಸಿನಿಂದ ಗೊತ್ತು.

"ಹೂಂ" ಎಂದೆ.

ತೂಲಿ ಕಣ್ಣು ತೆರೆದಳು. ನನ್ನನ್ನು ನೋಡಿದ ನೋಟದಲ್ಲಿ ಬೆರಗಿತ್ತು, ಗುರುತು ಹಿಡಿಯುವಾಗಿನ ಅಂಜಿಕೆಯೂ ಇತ್ತು. "ಮತ್ತೊಮ್ಮೆ ಅನ್ನಿ."

"ಹೂಂ."

"ಹೋದ ಚಳಿಗಾಲ" ಎಂದಳು, "ಅಜ್ಜಿ ಮನೆಗೆ ಬಂದು ಹೇಳಿದಳು. ಕಡಲಿಗೆ ಮುಖ ಮಾಡಿ ಹೇಳುತ್ತಿದ್ದೇವೆ, ಬೆನ್ನ ಹಿಂದೆ ಊರಿನ ಕಡೆಯಿಂದ ಯಾರೋ ಓಗೊಡುತ್ತಿದ್ದಾರೆ. ನಮ್ಮವರ ಓ ಅಲ್ಲ, ಬಾಯಿ ಮುಚ್ಚಿ ಎದೆಯಿಂದ ಬರುವ ಒಂದು ಸದ್ದು. ಕಡಲಲ್ಲಿ ಕಾಣೆಯಾದವರು ಯಾರೋ ನೆಲ ಸೇರಿದ್ದಾರೆ, ದಡ ಸಿಕ್ಕಿದೆ, ಅದನ್ನು ತಿಳಿಸುತ್ತಿದ್ದಾರೆ ಎಂದಳು. ಆ ಚಳಿಗಾಲವೆಲ್ಲ ಅವರಿಗಾಗಿ ಮನೆ ಬಾಗಿಲಲ್ಲಿ ಒಂದು ದೀಪ ಹೆಚ್ಚಿಗೆ ಇಟ್ಟಳು."

ನಾನು ತಲೆ ತಗ್ಗಿಸಿದೆ. ನಾನು ಗೊತ್ತಿಲ್ಲದೆ ಅಂದ ಹೂಂಗೆ, ಮುಖ ಕಾಣದ ಮುದುಕಿಯೊಬ್ಬಳು ದೀಪ ಇಟ್ಟಿದ್ದಳು. ನಾನು ಆ ಬೀದಿಯಲ್ಲೇ ದಿನಾ ನಡೆದುಹೋಗಿದ್ದೆ, ಎರಡು ದೀಪವಿರುವ ಬಾಗಿಲನ್ನು ನೋಡಿಯೂ ಇದ್ದೆ.

"ಎರಡನೆಯ ಬಂಡೆ" ಎಂದೆ.

ಹೇಳಿದಳು. ಹೂಂ ಎಂದೆ. ಮೂರನೆಯದು. ನಾಲ್ಕನೆಯದು. ಸೀಳುಬಂಡೆ, ಮುದುಕಪ್ಪನ ಹಲ್ಲು, ವಿಧವೆಯ ಮೊಣಕಾಲು, ಉಪ್ಪುಬುಟ್ಟಿ, ನಿದ್ದೆಗಣ್ಣಿನವಳು. ಹತ್ತನೆಯ ಬಂಡೆಗೆ ಅವಳ ದನಿ ತೆರೆಯಿತು. ಇಪ್ಪತ್ತಕ್ಕೆ ಅಂಗಳದಾಚೆಗೂ ಕೇಳುವಷ್ಟಾಯಿತು. ನಾನು ನೆಲ ನೋಡುವುದನ್ನೇ ಬಿಟ್ಟಿದ್ದೆ. ಮೊದಲು ನೋಡಿದವಳು ಚಿಕ್ಕತಾಯಕ್ಕ. "ಅವ್ವಾ, ನೆಲ ನೋಡ್ರವ್ವಾ!" ಎಂದು ಕೂಗಿ, ಕೂಗಿದ್ದಕ್ಕೆ ತಾನೇ ಬಾಯಿ ಮುಚ್ಚಿಕೊಂಡಳು.

ನೆರಳು ಬೆಳೆಯುತ್ತಿತ್ತು. ಒಂದೊಂದು ಹೂಂಗೆ ಒಂದೊಂದು ಮಾರು. ಅಂಗಳದ ನಡು ದಾಟಿತು, ಹೊಂಗೆಮರ ಮುಟ್ಟಿತು, ಮರವನ್ನೂ ದಾಟಿ ಗೇಟಿನ ಕಂಬಿಗಳ ನಡುವೆ ನುಸುಳಿ ಗುಡ್ಡದ ಇಳಿಜಾರಿಗೆ ಹೊರಟಿತು. ಕೆಳಗೆ ಸಂತೆಬೀದಿಯಲ್ಲಿ ಹೂ ಮಾರುವವರು, ನಡುಮಧ್ಯಾಹ್ನದಲ್ಲಿ ತಮ್ಮ ಬುಟ್ಟಿಗಳ ಮೇಲೆ ತಣ್ಣನೆ ನೀಲಿ ನೆರಳು ಬಂದು ಇಳಿದದ್ದನ್ನು ನೋಡಿ ಎದ್ದು ನಿಂತರೆಂದು ಆಮೇಲೆ ತಿಳಿಯಿತು. ಸಭೆ ಬಿಟ್ಟು ಹೊರಬಂದ ಫಿಲೋಮಿನಾ ಮೇಡಂ ಟೇಪು ಹಿಡಿದೇ ಇದ್ದರು, ಬಿಚ್ಚಲಿಲ್ಲ. ರಹಮತ್ ಮೆಟ್ಟಿಲ ಮೇಲೆ ಕೂತು ಅರವತ್ತನೆಯ ಬಂಡೆಯಿಂದ ತಾನೂ ಹೂಂಗುಟ್ಟತೊಡಗಿದ. ಮೊದಮೊದಲು ತಾಳ ತಪ್ಪಿದ, ಆಮೇಲೆ ಸಿಕ್ಕಿತು.

ನೂರಾ ಹದಿನಾಲ್ಕನೆಯ ಬಂಡೆಯ ಹೆಸರು 'ಇಲ್ಲಿಂದ ಮನೆ ಕಾಣುತ್ತದೆ.' ಅದನ್ನು ಹೇಳಿ ಮುಗಿಸುವಾಗ ನಮ್ಮ ಸೂರ್ಯ ಮುಳುಗುತ್ತಿದ್ದ. ತೂಲಿ ಅಲ್ಲೇ, ನೆರಳಿನ ನಟ್ಟನಡುವೆ, ಸೆರಗಿಲ್ಲದ ತನ್ನ ಅಂಗಿಯ ತೋಳನ್ನೇ ಮುಖಕ್ಕೆ ಹೊದ್ದು ಮಲಗಿದಳು. ಚಿಕ್ಕತಾಯಕ್ಕ ಕ್ಯಾಂಟೀನಿನ ದೀಪ ಹಚ್ಚಲಿಲ್ಲ.

ಸೋಮವಾರದ ಬಸ್ಸು ಅವಳಿಲ್ಲದೆ ಹೋಯಿತು. ವರ್ಷ ತುಂಬುವವರೆಗೂ ತೂಲಿ ಇದ್ದಳು. ನಕ್ಷೆ ಮುಗಿಸಿದಳು. ಬಸದಿಗೆ ಬಂದು ಅಜ್ಜನ ಪದ್ಯಕ್ಕೆ ಹೂಂಗುಟ್ಟುವುದನ್ನು ಕಲಿತಳು. "ಈ ಮಗೂದು ಸ್ವಲ್ಪ ಉಪ್ಪು ಹೂಂ, ಆದ್ರೂ ಚೆನ್ನಾಗಿದೆ" ಎನ್ನುತ್ತಿದ್ದ ಅಜ್ಜ. ನಾನು ಕಾರ್ಯದರ್ಶಿಗಿರಿ ಬಿಟ್ಟೆ. ಹೊರಗಿನಿಂದ ಬಂದ ಏಳು ಜನರ ಎದುರಿಗೂ ಮರಳಿದವರು ಒಬ್ಬೊಬ್ಬರಾಗಿ ಹೋಗಿ ಕೂತು, "ಹೇಳು" ಎಂದು ಕೇಳತೊಡಗಿದರು. ರಹಮತ್ ತನ್ನ ದ್ವೀಪದಿಂದ ಬಂದ ಹುಡುಗನ ಜಗಳಗಂಟಿ ಅತ್ತೆಯ ಕತೆಗೆ ಎರಡು ತಿಂಗಳು ಹೂಂ ಅಂದ. ಒಂದು ಮುಂಜಾನೆ ಅವನ ನೆರಳು ಕಾಲಬುಡ ಬಿಟ್ಟು ಹೊರಟಿತು. ಓಡಿಬಂದು ನನ್ನನ್ನು ಹಾಸಿಗೆಯಿಂದ ಎಬ್ಬಿಸಿ ತೋರಿಸಿದ. ಮೇಡಂ ಆ ತಿಂಗಳಿಂದ ಅಳೆಯುವುದನ್ನು ನಿಲ್ಲಿಸಿ ಟೇಪನ್ನು ದರ್ಜಿಗೇ ಕೊಟ್ಟುಬಿಟ್ಟರು.

ಮೊನ್ನೆ ತೂಲಿಯ ಕಾಗದ ಬಂತು. ಅವಳ ನೆರಳು ಅಲ್ಲಿ ನಮ್ಮ ಸೂರ್ಯನಿಗೆ ಬೀಳುತ್ತಿದೆಯಂತೆ. ಬೆಳಗಿನ ಹೊತ್ತು ಕಾಲಬುಡದಲ್ಲಿ ಪುಟ್ಟದಾಗಿ, ಕರ್ರಗೆ, ಬೆಚ್ಚಗೆ. ಅದು ಬಿದ್ದಲ್ಲಿ ಹಿಮ ಕರಗುತ್ತದಂತೆ. ಅಜ್ಜಿ ಮಂಡಿನೋವಿಗೆ ಅದೇ ಒಳ್ಳೆಯದೆಂದು ಅವಳ ಕಾಲಿಗಂಟಿಕೊಂಡೇ ಕೂರುತ್ತಾಳಂತೆ.

ನಿನ್ನೆ ಎರಡು ಗಂಟೆಗೆ ಎಂದಿನಂತೆ ಅಂಗಳಕ್ಕೆ ಹೋದೆ. ಚಿಕ್ಕತಾಯಕ್ಕ ಕೊಡ ಹಿಡಿದು ಕಾಯುತ್ತಿದ್ದಳು. ಎರಡಾಯಿತು, ಎರಡೂಕಾಲಾಯಿತು. ನೆರಳು ಹೊರಡಲಿಲ್ಲ. "ಅಯ್ಯೋ ಕೀರ್ತಪ್ಪ, ತಿರುಗ್ತಲ್ಲೋ!" ಎಂದು ಅವಳು ಕೊಡವನ್ನು ಕೆಳಗಿಟ್ಟು ಎದೆ ಮುಟ್ಟಿಕೊಂಡಳು. ಮೆಟ್ಟಿಲ ಮೇಲಿದ್ದ ತಾಯಂದಿರು ಎದ್ದು ಬಂದರು. ಅವರಲ್ಲಿ ಒಬ್ಬಳ ಮಗ ಈಗ ಅದೇ ಬಂದರಿನಲ್ಲಿದ್ದಾನೆ. ಅವಳ ಮುಖ ಬಿಳುಚಿತ್ತು.

ನಾನು ಕಾಲು ಎತ್ತಿ ನೋಡಿದೆ. ತಿರುಗಿದ್ದರೆ ಕಾಲಬುಡದಲ್ಲಿ ನಮ್ಮ ಸೂರ್ಯನ ನೆರಳಿರಬೇಕು. ಅದೂ ಇರಲಿಲ್ಲ. ಸುಡುವ ಬಿಸಿಲಿನಲ್ಲಿ, ನೂರಾರು ನೆರಳುಗಳ ನಡುವೆ, ನಾನು ನೆರಳೇ ಇಲ್ಲದೆ ನಿಂತಿದ್ದೆ. ಆಗ ತಿಳಿಯಿತು.

"ತಿರುಗಿಲ್ಲ ಅಕ್ಕಾ. ಅಲ್ಲಿ ಮಂಜು ಕವಿದಿದೆ" ಎಂದೆ.

ಈ ಹೊತ್ತಿಗೆ ಹಡಗುಕಟ್ಟೆಯ ಮೇಲೆ ಅವರು ನಿಂತಿರಬೇಕು. ಅಜ್ಜಿ, ಅವಳ ಪಕ್ಕ ತೂಲಿ. ಕಡಲಿನ ಕಡೆ ಮುಖ. ಮೊದಲನೆಯ ಬಂಡೆ ಏರುತ್ತಿರಬೇಕು, ಇಳಿಯುತ್ತಿರಬೇಕು, ತುದಿಯಲ್ಲಿ ತೂಗುತ್ತ ನಿಂತಿರಬೇಕು. ನಾನು ಕಲ್ಲುಹಾಸಿನ ಮೇಲೆ ಕೂತು ಕಣ್ಣು ಮುಚ್ಚಿ, ಸಾಲಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಕಾದೆ.

"ಹೂಂ" ಎಂದೆ.

ಪಕ್ಕದಲ್ಲಿ ಸೀರೆ ಸರಿದ ಸದ್ದಾಯಿತು. ಚಿಕ್ಕತಾಯಕ್ಕ ಕೂತಳು. ಅವಳ ಪಕ್ಕ ಬಂದರಿನ ಹುಡುಗನ ತಾಯಿ ಚೀಲ ಇಳಿಸಿ ಕೂತಳು. ಮುಂದಿನ ಬಂಡೆಗೆ ನಾವು ಮೂವರೂ ಒಟ್ಟಿಗೆ ಓಗೊಟ್ಟೆವು.